ಪಕ್ಷದ ಕುರ್ಚಿ ಜಗಳಕ್ಕೆ ಮಲೇಷ್ಯಾದ ನೋಂದಣಿ ಕಚೇರಿ: ಸೇವೆ ಎಲ್ಲಿ ಗಟ್ಟಿ, ಎಲ್ಲಿ ಕೈಕೊಡುತ್ತದೆ

ಸೇವೆ: ಮಲೇಷ್ಯಾದ ಸಂಘಗಳ ನೋಂದಣಿ ಇಲಾಖೆ. ಜನರ ಬಾಯಲ್ಲಿ ಆರ್‌ಒಎಸ್, ಮಲಯ ಭಾಷೆಯ ಕಾಗದಪತ್ರಗಳಲ್ಲಿ ಜೆಪಿಪಿಎಂ.
ವಿಳಾಸ: ಪುತ್ರಜಯ. ಗೃಹ ಸಚಿವಾಲಯದ ಅಧೀನ. ರಾಜ್ಯಗಳಲ್ಲಿ ಶಾಖಾ ಕಚೇರಿಗಳಿವೆ.
ಅಂಕ: ದಾಖಲೆ ಇಡುವುದಕ್ಕೆ 5ರಲ್ಲಿ 4. ಒಡೆದ ಪಕ್ಷಕ್ಕೆ ನಾಯಕ ಯಾರು ಎಂದು ಹೇಳುವುದಕ್ಕೆ 5ರಲ್ಲಿ 2.

ಪಕ್ಷದಲ್ಲಿ ಎರಡು ಬಣ ಎದ್ದಾಗ ಭಾಷಣದಲ್ಲಿ ಇಬ್ಬರೂ ಅಧ್ಯಕ್ಷರೇ. ಆದರೆ ಬ್ಯಾಂಕಿನ ಚೆಕ್ಕಿಗೆ ಒಬ್ಬರ ಸಹಿಯೇ ನಡೆಯುತ್ತದೆ, ಅಭ್ಯರ್ಥಿಗೆ ಪಕ್ಷದ ಚಿಹ್ನೆ ಕೊಡುವ ಪತ್ರಕ್ಕೂ ಒಬ್ಬರದೇ. ಕೇಂದ್ರ ಕಚೇರಿಯ ಬೀಗದ ಕೈ ಕೂಡ ಒಂದು ಬಣದ ಹತ್ತಿರವೇ ಇರಬೇಕು. 'ಇವರೇ ಪದಾಧಿಕಾರಿಗಳು' ಎಂದು ಬರೆದುಕೊಡುವ ಕೆಲಸ ಭಾರತದಲ್ಲಿ ಚುನಾವಣಾ ಆಯೋಗದ್ದು. ಮಲೇಷ್ಯಾದಲ್ಲಿ ಅದು ಚುನಾವಣಾ ಆಯೋಗಕ್ಕೆ ಸೇರಿದ್ದಲ್ಲ, ಈ ನೋಂದಣಿ ಇಲಾಖೆಗೆ ಸೇರಿದ್ದು. ಅಲ್ಲಿನ ಭಾರತೀಯ ಮೂಲದವರ ಪಕ್ಷ ಎಂಐಸಿ, ಅಂದರೆ ಮಲೇಷಿಯನ್ ಇಂಡಿಯನ್ ಕಾಂಗ್ರೆಸ್, 2013ರಿಂದ 2015ರವರೆಗೆ ಈ ಕಚೇರಿಯ ಮೆಟ್ಟಿಲು ಹತ್ತಿ ಇಳಿದ ದಾಖಲೆ ಮುಂದಿಟ್ಟುಕೊಂಡರೆ ಸೇವೆಯ ಗುಣ ದೋಷ ಎರಡೂ ಕಾಣುತ್ತವೆ. ದೇಶದ ಜನಸಂಖ್ಯೆಯಲ್ಲಿ ಸುಮಾರು ಶೇ. 7ರಷ್ಟಿರುವ ಒಂದು ಸಮುದಾಯದ ದನಿ ಈ ಕಾಗದಗಳ ಮೇಲೆ ನಿಂತಿತ್ತು. ಆದ್ದರಿಂದ ಇದನ್ನು ಬರೀ ಕಚೇರಿ ವ್ಯವಹಾರ ಎಂದು ಬಿಡುವಂತಿಲ್ಲ.

ಕಾಯ್ದೆ ಏನು ಕೊಡುತ್ತದೆ

ಆಧಾರ 1966ರ ಸಂಘಗಳ ಕಾಯ್ದೆ. ಏಳು ಜನ ಸೇರಿದರೆ ಸಂಘ. ಭಜನಾ ಮಂಡಳಿಯಾಗಲಿ, ಭಾಷಾ ಸಂಘವಾಗಲಿ, ರಾಜಕೀಯ ಪಕ್ಷವಾಗಲಿ, ನೋಂದಣಿ ಇಲ್ಲೇ. ಕ್ವಾಲಾಲಂಪುರದಲ್ಲಿ ನೆಲೆಸಿದ ಕನ್ನಡಿಗರು ಸಂಘ ಕಟ್ಟುವುದಾದರೂ ಇದೇ ಕಾಯ್ದೆ ಲಾಗೂ ಆಗುತ್ತದೆ, ಹಾಗಾಗಿ ಮುಂದಿನ ವಿವರ ಅವರಿಗೂ ಬೇಕಾದೀತು.

ಸೆಕ್ಷನ್ 14ರ ಪ್ರಕಾರ ವಾರ್ಷಿಕ ಮಹಾಸಭೆ ಮುಗಿದ 60 ದಿನಗಳೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಮತ್ತಿತರ ವಿವರ ಸಲ್ಲಿಸಬೇಕು. ಈಗ ಇದಕ್ಕೆ ಇ-ರೋಸಸ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಸೆಕ್ಷನ್ 12ರ ಪ್ರಕಾರ ಶಾಖೆ ತೆರೆಯುವ ಮೊದಲೇ ಅನುಮತಿ ಪಡೆಯಬೇಕು. ಪದಾಧಿಕಾರಿಗಳು ಯಾರೆಂಬುದರಲ್ಲೇ ಜಗಳವಿದ್ದರೆ ಸೆಕ್ಷನ್ 16ರಡಿ ನೋಟಿಸ್ ಬರುತ್ತದೆ: ಜಗಳ ಬಗೆಹರಿದಿದೆ ಎಂಬುದಕ್ಕೆ ಒಂದು ತಿಂಗಳಲ್ಲಿ ಪುರಾವೆ ಕೊಡಿ, ಇಲ್ಲವೇ ನೋಂದಣಿ ಕಳೆದುಕೊಳ್ಳಿ. ಇಲಾಖೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಸೆಕ್ಷನ್ 18ರಡಿ 30 ದಿನಗಳೊಳಗೆ ಸಚಿವರಿಗೆ ಮೇಲ್ಮನವಿ. ಇನ್ನು 18ಸಿ ಎಂಬುದೊಂದಿದೆ. ಪಕ್ಷದ ಆಂತರಿಕ ವಿಷಯದಲ್ಲಿ ಪಕ್ಷ ಕೊಟ್ಟ ತೀರ್ಮಾನವೇ ಅಂತಿಮ, ಅದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎನ್ನುತ್ತದೆ ಇದು.

18ಸಿ ಹುಟ್ಟಿದ್ದು ಬಹುಸಂಖ್ಯಾತ ಮಲಯರ ಪಕ್ಷ ಅಮ್ನೋದ ಜಗಳದಿಂದ. 1987ರ ಏಪ್ರಿಲ್ 24ರಂದು ಪಕ್ಷದ ಅಧ್ಯಕ್ಷ ಚುನಾವಣೆಯಲ್ಲಿ ಪ್ರಧಾನಿ ಮಹಾತಿರ್ ಮೊಹಮ್ಮದ್ 761–718 ಮತಗಳಿಂದ ತೆಂಕು ರಜಾಲಿ ಅವರನ್ನು ಸೋಲಿಸಿದರು. ಸೋತ ಬಣದವರು ಕೋರ್ಟಿಗೆ ಹೋಗಿ, ಪ್ರತಿನಿಧಿಗಳನ್ನು ಕಳಿಸಿದ ಶಾಖೆಗಳಲ್ಲಿ 30 ಶಾಖೆಗಳಿಗೆ ನೋಂದಣಿಯೇ ಇಲ್ಲ ಎಂದರು. 1988ರ ಫೆಬ್ರವರಿ 4ರಂದು ಬಂದ ತೀರ್ಪು ಆ ಶಾಖೆಗಳನ್ನಷ್ಟೇ ಅಲ್ಲ, ಇಡೀ ಪಕ್ಷವನ್ನೇ ಕಾನೂನುಬಾಹಿರ ಎಂದಿತು. ಆಳುವ ಪಕ್ಷಕ್ಕೇ ಈ ಗತಿ ಬಂದ ಮೇಲೆ ಕಾಯ್ದೆ ತಿದ್ದುಪಡಿಯಾಯಿತು, ಕೋರ್ಟಿನ ಬಾಗಿಲು ಮುಚ್ಚಿತು. ಅಮ್ನೋಗಾಗಿ ಮಾಡಿದ ಈ ಬದಲಾವಣೆಯ ಬಿಸಿ ಹೆಚ್ಚು ತಟ್ಟಿದ್ದು ಚಿಕ್ಕ ಪಕ್ಷಗಳಿಗೆ. ದೊಡ್ಡ ಪಕ್ಷಕ್ಕೆ ಗೃಹ ಸಚಿವರು ಮನೆಯವರೇ. ಚಿಕ್ಕ ಪಕ್ಷದವರು ಕೋರ್ಟ್ ಬಿಟ್ಟರೆ ಇನ್ನೆಲ್ಲಿಗೆ ಹೋಗಬೇಕು?

ಎಂಐಸಿ ಪ್ರಕರಣ

1946ರಲ್ಲಿ ಜಾನ್ ತಿವಿ ಅವರ ಅಧ್ಯಕ್ಷತೆಯಲ್ಲಿ ಶುರುವಾದ ಪಕ್ಷ ಇದು. ಕುರ್ಚಿ ಜಗಳ ಇಲ್ಲಿ ಹೊಸದಲ್ಲ. 1955ರಿಂದ ಅಧ್ಯಕ್ಷರಾಗಿದ್ದ ವಿ.ಟಿ. ಸಂಬಂಧನ್ ಮತ್ತು ವಿ. ಮಾಣಿಕ್ಕವಾಸಗಂ ನಡುವಿನ ಹಗ್ಗಜಗ್ಗಾಟ 1973ರಲ್ಲಿ ಮುಗಿದದ್ದು ಪ್ರಧಾನಿ ತುನ್ ರಜಾಕ್ ಮಾತಿನ ಮೇಲೆ ಸಂಬಂಧನ್ ಕೆಳಗಿಳಿದಾಗ. 1979ರಿಂದ 2010ರವರೆಗೆ ಎಸ್. ಸಾಮಿ ವೇಲು ಒಬ್ಬರದೇ ಆಳ್ವಿಕೆ. ಅವರ ಉಪಾಧ್ಯಕ್ಷರಾಗಿದ್ದ ಎಸ್. ಸುಬ್ರಮಣಿಯಂ ಜೊತೆಗಿನ ಮುನಿಸು ದಶಕಗಳ ಕಾಲ ನಡೆಯಿತು. (ಮುಂದೆ ಬರುವ ಡಾ. ಎಸ್. ಸುಬ್ರಮಣಿಯಂ ಬೇರೆ, ಇವರು ಬೇರೆ. ಹಳೆಯ ವರದಿ ಓದುವಾಗ ಇಬ್ಬರನ್ನೂ ಒಬ್ಬರೇ ಎಂದುಕೊಳ್ಳಬೇಡಿ.) ಸಾಮಿ ವೇಲು ಕಾಲದಲ್ಲಿ ಜಗಳ ನೋಂದಣಿ ಇಲಾಖೆಯಲ್ಲಿ ನಿರ್ಣಯವಾಗುವ ಮಟ್ಟಕ್ಕೆ ಬೆಳೆಯುತ್ತಿರಲಿಲ್ಲ. ಎದುರು ನಿಂತವರು ಸೋಲುತ್ತಿದ್ದರು, ಇಲ್ಲವೇ ಉಚ್ಚಾಟನೆಯಾಗಿ ಬೇರೆ ಪಕ್ಷ ಕಟ್ಟುತ್ತಿದ್ದರು. 1988ರಲ್ಲಿ ಹೊರಬಿದ್ದ ಎಂ.ಜಿ. ಪಂಡಿತನ್ ಐಪಿಎಫ್ ಕಟ್ಟಿದ್ದು ಹಾಗೆಯೇ.

2010ರ ಡಿಸೆಂಬರ್‌ನಲ್ಲಿ ಜಿ. ಪಳನಿವೇಲ್ ಅಧ್ಯಕ್ಷರಾದರು. 2013ರಲ್ಲಿ ಅವಿರೋಧವಾಗಿ ಮತ್ತೆ ಅವರೇ. ಆ ವರ್ಷ ನವೆಂಬರ್ 30ರಂದು ಮಲಾಕಾದಲ್ಲಿ ನಡೆದ ಮಹಾಸಭೆಯಲ್ಲಿ ಮೂವರು ಸಹ ಅಧ್ಯಕ್ಷರು (ವೈಸ್ ಪ್ರೆಸಿಡೆಂಟ್) ಮತ್ತು ಕೇಂದ್ರ ಕಾರ್ಯಕಾರಿ ಸಮಿತಿಯ 23 ಸದಸ್ಯರ ಆಯ್ಕೆಗೆ ಮತದಾನವಾಯಿತು. ಸೋತವರು ಮತದಾನ ಮತ್ತು ಎಣಿಕೆಯಲ್ಲಿ ಅಕ್ರಮವಾಗಿದೆ ಎಂದು ಇಲಾಖೆಗೆ ದೂರು ಕೊಟ್ಟರು.

ಇಲಾಖೆಯ ಮೊದಲ ದೌರ್ಬಲ್ಯ ಇಲ್ಲೇ ಗೊತ್ತಾಗುತ್ತದೆ. ದೂರಿನ ಮೇಲೆ ಮರುಚುನಾವಣೆ ಮಾಡಿ ಎಂಬ ಪತ್ರ ಬಂದದ್ದು 2014ರ ಡಿಸೆಂಬರ್ 5ರಂದು. ಚುನಾವಣೆ ಮುಗಿದು ಒಂದು ವರ್ಷದ ಮೇಲೆ! ಅಷ್ಟರಲ್ಲಿ 'ಗೆದ್ದ' ಸಮಿತಿ ಒಂದು ವರ್ಷ ಪಕ್ಷ ನಡೆಸಿಯಾಗಿತ್ತು, ನೇಮಕಾತಿ ಮಾಡಿಯಾಗಿತ್ತು, ಖರ್ಚು ವೆಚ್ಚಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. ಆ ತೀರ್ಮಾನಗಳ ಗತಿ ಏನು? ಮರುಚುನಾವಣೆ ನಡೆಸಬೇಕಾದ ಸಮಿತಿ ಯಾವುದು? ಇದೇ ಪ್ರಶ್ನೆಯ ಮೇಲೆ ಪಕ್ಷ ಎರಡಾಯಿತು. 2013ರ ಆಯ್ಕೆ ಬಿದ್ದುಹೋದ ಮೇಲೆ ಅದರ ಹಿಂದಿನ, 2009ರ ಸಮಿತಿಗೇ ಅಧಿಕಾರ ಎಂಬುದು ಇಲಾಖೆಯ ನಿಲುವು. ಪಳನಿವೇಲ್ ಬಣಕ್ಕೆ ಅದು ಒಪ್ಪಿಗೆಯಾಗಲಿಲ್ಲ. ಉಪಾಧ್ಯಕ್ಷ ಡಾ. ಸುಬ್ರಮಣಿಯಂ ಬಣ 2009ರ ಸಮಿತಿಯ ಹೆಸರಿನಲ್ಲೇ ಸಭೆ ಕರೆಯಿತು.

ಇದೆಲ್ಲ ನಡೆಯುವಾಗ ಇಬ್ಬರೂ ಅಮ್ನೋ ನೇತೃತ್ವದ ಮೈತ್ರಿಕೂಟದ ಒಂದೇ ಸಂಪುಟದಲ್ಲಿ ಕೂರುತ್ತಿದ್ದರು ಎಂಬುದನ್ನು ಮರೆಯಬಾರದು. ಪಳನಿವೇಲ್ ನೈಸರ್ಗಿಕ ಸಂಪನ್ಮೂಲ ಮತ್ತು ಪರಿಸರ ಸಚಿವರು, ಸುಬ್ರಮಣಿಯಂ ಆರೋಗ್ಯ ಸಚಿವರು. ಮೈತ್ರಿಕೂಟದ ಚಿಕ್ಕ ಪಕ್ಷದಲ್ಲಿ ಅಧ್ಯಕ್ಷ ಸ್ಥಾನದ ಜಗಳ ಸಿದ್ಧಾಂತದ ಜಗಳವಾಗಿರುವುದು ಅಪರೂಪ. ಸಮುದಾಯದ ಪಾಲಿಗೆ ಬರುವ ಒಂದೆರಡು ಸಚಿವ ಸ್ಥಾನ, ಕೆಲವು ಸೆನೆಟ್ ಸ್ಥಾನ, ಹತ್ತರೊಳಗಿನ ಲೋಕಸಭಾ ಟಿಕೆಟ್ಟು ಯಾರ ಕೈಯಿಂದ ಹಂಚಿಕೆಯಾಗಬೇಕು ಎಂಬುದೇ ಅಲ್ಲಿನ ಪ್ರಶ್ನೆ. ತೋಟಗಳು ಮುಚ್ಚಿ ಕೆಲಸ ಕಳೆದುಕೊಂಡ ಕುಟುಂಬಗಳು, ತಮಿಳು ಶಾಲೆಗಳ ಕಟ್ಟಡ, ಜನನ ಪ್ರಮಾಣಪತ್ರವಿಲ್ಲದ ಮಕ್ಕಳು, ಈ ಯಾವ ವಿಷಯವೂ ಆ ಎರಡು ವರ್ಷ ಪಕ್ಷದ ಸುದ್ದಿಯಲ್ಲಿ ಮುಂದೆ ಬರಲಿಲ್ಲ. ಓದಿದಷ್ಟೂ ಹೊಟ್ಟೆ ಉರಿಯುವ ಸಂಗತಿ ಇದು.

2015ರ ಫೆಬ್ರವರಿಯಲ್ಲಿ ಪಳನಿವೇಲ್ ಮತ್ತು ಸಂಗಡಿಗರು ಇಲಾಖೆಯ ಆದೇಶದ ವಿರುದ್ಧ ಹೈಕೋರ್ಟಿಗೆ ಹೋದರು. ಜೂನ್ 15ರಂದು ಅರ್ಜಿ ವಜಾ ಆಯಿತು. ಪೆಟ್ಟು ಬಿದ್ದದ್ದು ವಜಾದಿಂದಲ್ಲ, ಪಕ್ಷದ ಬೈಲಾದಿಂದ. ಎಂಐಸಿ ಬೈಲಾದ 91ನೇ ವಿಧಿ ಹೇಳುವುದಿಷ್ಟು: ಪಕ್ಷದೊಳಗಿನ ಪರಿಹಾರದ ದಾರಿಗಳನ್ನೆಲ್ಲ ಮುಗಿಸದೆ ಪಕ್ಷದ ವಿಷಯವನ್ನು ಕೋರ್ಟಿಗೆ ಒಯ್ದ ಸದಸ್ಯನ ಸದಸ್ಯತ್ವ ತಾನಾಗಿಯೇ ಹೋಗುತ್ತದೆ. ವಿಚಾರಣೆ ಇಲ್ಲ, ಶಿಸ್ತು ಸಮಿತಿ ಇಲ್ಲ, ನೋಟಿಸೂ ಇಲ್ಲ. ಎದುರು ಬಣ ಅದನ್ನೇ ಹಿಡಿದು, ಅಧ್ಯಕ್ಷರು ಸದಸ್ಯರೇ ಅಲ್ಲ, ಡಾ. ಸುಬ್ರಮಣಿಯಂ ಹಂಗಾಮಿ ಅಧ್ಯಕ್ಷರು ಎಂದು ಘೋಷಿಸಿತು. ಜೂನ್ ಕೊನೆಯ ಹೊತ್ತಿಗೆ ಇಲಾಖೆಯೂ ಅದಕ್ಕೆ ಒಪ್ಪಿತು. ಜುಲೈ 28ರ ಸಂಪುಟ ಪುನಾರಚನೆಯಲ್ಲಿ ಪಳನಿವೇಲ್ ಸಚಿವ ಸ್ಥಾನವೂ ಹೋಯಿತು.

ಇಲಾಖೆ ಮಾಡಿದ್ದು ಕಾಗದದ ಲೆಕ್ಕದಲ್ಲಿ ಸರಿ ಇರಬಹುದು. ಬೈಲಾದಲ್ಲಿ ಬರೆದದ್ದನ್ನೇ ಓದಿ ಹೇಳಿತು. ಆದರೆ ಅವಿರೋಧವಾಗಿ ಆಯ್ಕೆಯಾದ ಅಧ್ಯಕ್ಷರೊಬ್ಬರು ಸರ್ಕಾರಿ ಇಲಾಖೆಯ ಆದೇಶ ತಪ್ಪು ಎಂದು ಕೋರ್ಟಿಗೆ ಹೋದದ್ದಕ್ಕೆ ಪಕ್ಷದ ಸದಸ್ಯತ್ವವೇ ಹೋಗುವುದು, ಆ ಬಗ್ಗೆ ಅದೇ ಇಲಾಖೆ ಮೊಹರು ಹಾಕುವುದು, ಇದನ್ನು ನ್ಯಾಯವಾದ ಸೇವೆ ಎನ್ನಲು ಬರುವುದಿಲ್ಲ. ತನ್ನ ಮೇಲೆ ದಾವೆ ಹೂಡಿದವನ ಅರ್ಹತೆಯನ್ನು ಇಲಾಖೆ ತಾನೇ ನಿರ್ಧರಿಸಬಾರದಿತ್ತು. ಕಳೆದ ಮೂರು ಅಂಕಗಳಲ್ಲಿ ಎರಡು ಇದಕ್ಕೇ.

ಎಡವಟ್ಟು ಹುಟ್ಟುವ ಜಾಗ

ಜಗಳ ಮೇಲಿನವರದಾದರೂ ಅದರ ಬೇರು ಶಾಖೆಯಲ್ಲಿರುತ್ತದೆ. ಎಂಐಸಿಯಲ್ಲಿ ಅಧ್ಯಕ್ಷರನ್ನು ಆರಿಸುವವರು ಶಾಖಾ ಅಧ್ಯಕ್ಷರು. ಸಹ ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಗೆ ಮತ ಹಾಕುವವರು ಕೆಳಗಿನಿಂದ ಆಯ್ಕೆಯಾಗಿ ಬಂದ ಪ್ರತಿನಿಧಿಗಳು. ಶಾಖೆಗಳು ಸಾವಿರಾರು. ಹಾಗಾದಾಗ ಗೆಲ್ಲುವ ಸುಲಭದ ದಾರಿ ಯಾವುದೆಂದು ಯಾರಿಗಾದರೂ ಹೊಳೆಯುತ್ತದೆ: ತಮ್ಮವರ ಹೆಸರಲ್ಲಿ ಹೆಚ್ಚು ಶಾಖೆ ತೆರೆಯುವುದು, ಎದುರಾಳಿಯ ಶಾಖೆಗಳ ಚಂದಾ ಬಾಕಿ ಎಂದು ಪಟ್ಟಿಯಿಂದ ತೆಗೆಸುವುದು, ಮಹಾಸಭೆ ನಡೆಯದಿದ್ದರೂ ನಡೆದಂತೆ ನಡಾವಳಿ ಬರೆಸುವುದು. ಚೀನೀ ಮೂಲದವರ ಪಕ್ಷ ಎಂಸಿಎಯಲ್ಲೂ ಇದೇ ರೋಗ. 1984ರಲ್ಲಿ ಅಲ್ಲಿನ ದೊಡ್ಡ ಜಗಳ ಶುರುವಾದದ್ದೇ ಸದಸ್ಯರ ಪಟ್ಟಿಯಲ್ಲಿ ನಕಲಿ ಹೆಸರುಗಳಿವೆ ಎಂಬ ಆರೋಪದಿಂದ. ಆರೋಪ ಮಾಡಿದ ತಾನ್ ಕೂನ್ ಸ್ವಾನ್ ಬಣದ 14 ಮಂದಿಯನ್ನು ಉಚ್ಚಾಟಿಸಿದರು. ಮುಂದಿನ ವರ್ಷ ಚುನಾವಣೆ ನಡೆದಾಗ ಗೆದ್ದವರು ಅದೇ ತಾನ್.

ನೋಂದಣಿ ಇಲಾಖೆ ಈ ಮಟ್ಟಕ್ಕೆ ಇಳಿದು ನೋಡುವುದಿಲ್ಲ. ಶಾಖೆಗೆ ಅನುಮತಿ ಇದೆಯೇ, ವಾರ್ಷಿಕ ವರದಿ ಬಂದಿದೆಯೇ ಎಂದು ನೋಡುತ್ತದೆ. ಪಟ್ಟಿಯಲ್ಲಿರುವ ಮನುಷ್ಯ ಬದುಕಿದ್ದಾನೆಯೇ, ತಾನು ಸದಸ್ಯನೆಂದು ಅವನಿಗೆ ಗೊತ್ತೇ ಎಂದು ಯಾರೂ ವಿಚಾರಿಸುವುದಿಲ್ಲ.

ಎಲ್ಲ ತಪ್ಪೂ ಮೋಸದಿಂದಲೇ ಆಗುವುದಿಲ್ಲ. ಡಿಎಪಿ ಪಕ್ಷದ ಪ್ರಕರಣ ನೋಡಿ. ಅದು ಜನಾಂಗದ ಹೆಸರಿಟ್ಟುಕೊಂಡ ಪಕ್ಷವಲ್ಲ, ಆದರೂ ಅದರ ಬೆನ್ನೆಲುಬು ಚೀನೀ ಮತ್ತು ಭಾರತೀಯ ಮೂಲದ ಮತದಾರರು. 2012ರ ಡಿಸೆಂಬರ್ ಮಹಾಸಭೆಯಲ್ಲಿ ಕೇಂದ್ರ ಸಮಿತಿಯ ಮತ ಎಣಿಸಿ ಕಂಪ್ಯೂಟರಿಗೆ ತುಂಬುವಾಗ ಎಕ್ಸೆಲ್ ಹಾಳೆಯಲ್ಲಿ ಅಂಕಿಗಳು ಸಾಲು ತಪ್ಪಿದವು. 2013ರ ಜನವರಿ 3ರಂದು ಪಕ್ಷವೇ ತಪ್ಪು ಒಪ್ಪಿಕೊಂಡು ಪಟ್ಟಿ ತಿದ್ದಿತು. 6ನೇ ಸ್ಥಾನದಲ್ಲಿದ್ದವರು 26ಕ್ಕೆ ಇಳಿದರು, ಸೋತಿದ್ದ ಜೈರಿಲ್ ಖಿರ್ ಜೊಹಾರಿ ಆಯ್ಕೆಯಾದರು. ಜೊತೆಗೆ ಕೆಲವು ಶಾಖೆಗಳ ಪ್ರತಿನಿಧಿಗಳಿಗೆ ಸಭೆಯ ನೋಟಿಸೇ ಹೋಗಿಲ್ಲ ಎಂಬ ದೂರೂ ಬಂತು. 2013ರ ಸೆಪ್ಟೆಂಬರ್ 29ರಂದು ಮರುಚುನಾವಣೆ. ಇಲಾಖೆಗೆ ಅದೂ ಸಾಲದೆ, 2017ರ ನವೆಂಬರ್ 12ರಂದು ಇನ್ನೊಂದು ಸಲ. ಒಂದು ಹಾಳೆಯ ತಪ್ಪು ಬೆನ್ನು ಬಿಡಲು ಐದು ವರ್ಷ ಹಿಡಿಯಿತು.

ಇದರಲ್ಲಿ ಇಲಾಖೆಯ ಪತ್ರಗಳು ಬಂದ ಹೊತ್ತನ್ನೂ ಗಮನಿಸಬೇಕು. ಡಿಎಪಿ ಕೇಂದ್ರ ಸಮಿತಿಗೆ ಮಾನ್ಯತೆ ಇಲ್ಲ ಎಂಬ ಪತ್ರ ಕೈಸೇರಿದ್ದು 2013ರ ಏಪ್ರಿಲ್ 17ರಂದು. ಸಂಸತ್ ಚುನಾವಣೆಗೆ ನಾಮಪತ್ರ ಸಲ್ಲಿಕೆ ಏಪ್ರಿಲ್ 20ಕ್ಕೆ! ಮೂರು ದಿನ ಮೊದಲು ಇಂಥ ಪತ್ರ ಬಂದರೆ ಪಕ್ಷ ತನ್ನ ರಾಕೆಟ್ ಚಿಹ್ನೆಯ ಮೇಲೆ ನಿಲ್ಲಬಹುದೇ ಎಂಬುದೇ ಅನುಮಾನ. ಮಿತ್ರಪಕ್ಷದ ಚಿಹ್ನೆ ಬಳಸುವ ಮಾತುಕತೆಯವರೆಗೂ ಹೋಯಿತು. ಕೊನೆಗೆ ಸ್ವಂತ ಚಿಹ್ನೆಯಲ್ಲೇ ನಿಂತರು, ಅದು ಬೇರೆ ಮಾತು.

ಸೆಕ್ಷನ್ 16: ಇದರ ಜೊತೆ ಹುಷಾರು

ಜಗಳ ಬಗೆಹರಿಸಿಕೊಳ್ಳದಿದ್ದರೆ ಇಲಾಖೆ ಇಬ್ಬರಲ್ಲಿ ಒಬ್ಬರನ್ನು ಆರಿಸಿಯೇ ತೀರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ, ಪಕ್ಷವನ್ನೇ ಅಳಿಸಿಹಾಕುವ ಅಧಿಕಾರ ಅದಕ್ಕಿದೆ. 1953ರಲ್ಲಿ ಸೀನಿವಾಸಗಂ ಸಹೋದರರು ಇಪೋದಲ್ಲಿ ಕಟ್ಟಿದ ಪಿಪಿಪಿ, ನಂತರದ ಹೆಸರು ಮೈಪಿಪಿಪಿ, ಹೆಚ್ಚಾಗಿ ಭಾರತೀಯ ಮೂಲದವರೇ ಇದ್ದ ಪಕ್ಷ. 2018ರ ಚುನಾವಣೆಯ ಆಸುಪಾಸಿನಲ್ಲಿ ಎಂ. ಕೇವಿಯಸ್ ಬಣ ಮತ್ತು ಅವರನ್ನು ಕೆಳಗಿಳಿಸಿದೆವು ಎಂದ ಬಣ ಇಬ್ಬರೂ ತಾವೇ ಪಕ್ಷ ಎಂದರು. ನೋಟಿಸ್ ಬಂತು, ಒಮ್ಮತ ಬರಲಿಲ್ಲ. 2019ರ ಜನವರಿಯಲ್ಲಿ ನೋಂದಣಿ ರದ್ದು. ಆ ಹೊತ್ತಿಗೆ ಎರಡೂ ಬಣಕ್ಕೆ ಏನೂ ಉಳಿಯಲಿಲ್ಲ.

ನಮ್ಮ ಕಡೆ ಸಂಘಗಳಲ್ಲಿ ಹೀಗಾದರೆ ಇನ್ನೊಂದು ದಾರಿ ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಿ, ಪಟ್ಟಿ ಸರಿಮಾಡಿಸಿ, ಚುನಾವಣೆ ನಡೆಸಬಹುದು. ರಾಜ್ಯದ ದೊಡ್ಡ ಸಮುದಾಯ ಸಂಘಗಳು ಇದನ್ನು ಕಂಡಿವೆ. ಅದರಲ್ಲೂ ರಾಜಕೀಯ ನುಸುಳುತ್ತದೆ, ಅವಧಿ ಬೆಳೆಯುತ್ತಾ ಹೋಗುತ್ತದೆ. ಆದರೂ ಸಂಘ ಉಳಿಯುತ್ತದೆ. ರಾಜಕೀಯ ಪಕ್ಷಕ್ಕೆ ಸರ್ಕಾರಿ ಆಡಳಿತಾಧಿಕಾರಿ ಕೂರುವುದು ಸರಿಯಲ್ಲ, ಒಪ್ಪುತ್ತೇವೆ. ಎರಡೂ ಬಣ ಒಪ್ಪಿದ ಹೊರಗಿನವರೊಬ್ಬರಿಂದ ಚುನಾವಣೆ ಮಾಡಿಸಿ ಎಂದು ಇಲಾಖೆ ಕಟ್ಟಪ್ಪಣೆ ಮಾಡುವ ನಡುದಾರಿಯಾದರೂ ಕಾಯ್ದೆಯಲ್ಲಿ ಇರಬೇಕಿತ್ತು.

ಪಕ್ಷಪಾತದ ಪ್ರಶ್ನೆ

ಇಲಾಖೆ ಗೃಹ ಸಚಿವಾಲಯದ್ದು. ಮೇಲ್ಮನವಿ ಕೇಳುವವರೂ ಗೃಹ ಸಚಿವರೇ. 2015ರಲ್ಲಿ ಆ ಹುದ್ದೆಯಲ್ಲಿದ್ದ ಅಹ್ಮದ್ ಜಾಹಿದ್ ಹಮೀದಿ ಅಮ್ನೋದ ಹಿರಿಯ ಪದಾಧಿಕಾರಿ, ಅದೇ ಅಮ್ನೋ ಮೈತ್ರಿಕೂಟದ ಯಜಮಾನ, ಎಂಐಸಿ ಅದರ ಕಿರಿಯ ಪಾಲುದಾರ. ಯಾರೊಬ್ಬರ ಮೇಲೂ ಆರೋಪ ಹೊರಿಸದೆಯೂ ಹೇಳಬಹುದು: ಕಿರಿಯ ಪಕ್ಷದ ನಾಯಕ ಯಾರಾಗಬೇಕು ಎಂಬುದರಲ್ಲಿ ಲಾಭ ನಷ್ಟ ಇರುವವರ ಮೇಜಿನ ಮೇಲೆ ಆ ಕಡತ ಹೋಗಲೇಬಾರದು.

ಹೊಸ ಪಕ್ಷಗಳ ಅನುಭವವೂ ಇದಕ್ಕೆ ಪೂರಕ. ಸೋಷಿಯಲಿಸ್ಟ್ ಪಕ್ಷ ಪಿಎಸ್‌ಎಂ 1998ರಲ್ಲಿ ಶುರುವಾಗಿ ನೋಂದಣಿ ಪಡೆದದ್ದು 2008ರಲ್ಲಿ. ಹತ್ತು ವರ್ಷ. ಆ ವರ್ಷದ ಮಾರ್ಚ್ ಚುನಾವಣೆಯಲ್ಲಿ ಸುಂಗೈ ಸಿಪುಟ್ ಕ್ಷೇತ್ರದಲ್ಲಿ ಸಾಮಿ ವೇಲು ಅವರನ್ನು ಸೋಲಿಸಿದ ಡಾ. ಜಯಕುಮಾರ್ ದೇವರಾಜ್ ಪಿಎಸ್‌ಎಂನವರು. ಸ್ವಂತ ಪಕ್ಷಕ್ಕೆ ನೋಂದಣಿ ಇಲ್ಲದ್ದರಿಂದ ಇನ್ನೊಂದು ಪಕ್ಷವಾದ ಪಿಕೆಆರ್ ಚಿಹ್ನೆಯಲ್ಲಿ ನಿಂತು ಗೆದ್ದರು. ಮತದಾರರು ನೋಂದಣಿ ಪತ್ರ ನೋಡಿ ಮತ ಹಾಕುವುದಿಲ್ಲ ಎಂಬುದು ಎಂಐಸಿಯ ಎರಡೂ ಬಣಕ್ಕೆ ಆಗಲೇ ಗೊತ್ತಾಗಬೇಕಿತ್ತು. ಅದರ ಸೀಟುಗಳ ಲೆಕ್ಕ ನೋಡಿ: 2004ರಲ್ಲಿ ಒಂಬತ್ತಕ್ಕೆ ಒಂಬತ್ತು, 2008ರಲ್ಲಿ 3, 2013ರಲ್ಲಿ 4, 2018ರಲ್ಲಿ 2, 2022ರಲ್ಲಿ 1. 2008ರ ಕುಸಿತಕ್ಕೆ ಭಾರತೀಯ ಮೂಲದವರ ಹಕ್ಕುಗಳಿಗಾಗಿ 2007ರಲ್ಲಿ ನಡೆದ ಹಿಂಡ್ರಾಫ್ ಚಳವಳಿಯ ಸಿಟ್ಟು ಕಾರಣ. ಆಮೇಲೆ ಚೇತರಿಸಿಕೊಳ್ಳಬೇಕಾದ ವರ್ಷಗಳನ್ನು ಪಕ್ಷ ಕಾಗದ ಸಮರದಲ್ಲಿ ಕಳೆಯಿತು. 2013ರಲ್ಲಿ ಪಳನಿವೇಲ್ ಗೆದ್ದಿದ್ದ ಕ್ಯಾಮರಾನ್ ಹೈಲ್ಯಾಂಡ್ಸ್ ಈಗ ಎಂಐಸಿ ಕೈಯಲ್ಲಿಲ್ಲ. 2018ರ ಗೆಲುವನ್ನು ಕೋರ್ಟ್ ರದ್ದು ಮಾಡಿದ ಮೇಲೆ 2019ರ ಉಪಚುನಾವಣೆಯಲ್ಲಿ ಮೈತ್ರಿಕೂಟ ಅಲ್ಲಿ ಎಂಐಸಿಯವರಿಗೆ ಟಿಕೆಟ್ ಕೊಡಲೇ ಇಲ್ಲ.

ಬೇರೆ ಕಡೆಯ ಸೇವೆ ಜೊತೆ ಹೋಲಿಸಿದರೆ

ಭಾರತದ ಚುನಾವಣಾ ಆಯೋಗ 1968ರ ಚಿಹ್ನೆಗಳ ಆದೇಶದ 15ನೇ ಪ್ಯಾರಾ ಪ್ರಕಾರ ಕೆಲಸ ಮಾಡುತ್ತದೆ. ಇದಕ್ಕೆ ಮೊದಲ ದೊಡ್ಡ ಪರೀಕ್ಷೆ ಬಂದದ್ದು ನಮ್ಮ ಎಸ್. ನಿಜಲಿಂಗಪ್ಪ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ. 1969ರ ಜುಲೈನಲ್ಲಿ ಬೆಂಗಳೂರಿನ ಎಐಸಿಸಿ ಅಧಿವೇಶನದಲ್ಲಿ ಬಿಸಿಯಾದ ಜಗಳ ನವೆಂಬರ್ 12ರಂದು ಇಂದಿರಾ ಗಾಂಧಿ ಉಚ್ಚಾಟನೆಗೆ ಮುಟ್ಟಿತು. ಆಯೋಗದ ತೀರ್ಮಾನ ಬಂದದ್ದು 1971ರ ಜನವರಿ 11ಕ್ಕೆ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ಅದೇ ವರ್ಷ ನವೆಂಬರ್ 11ಕ್ಕೆ. ಪಕ್ಷದ ಸಂಘಟನೆಯಲ್ಲಿ ಯಾರ ಕಡೆ ಹೆಚ್ಚು, ಶಾಸಕರು ಸಂಸದರಲ್ಲಿ ಯಾರ ಕಡೆ ಹೆಚ್ಚು ಎಂದು ಎಣಿಸುವ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು. ಅಫಿಡವಿಟ್ಟುಗಳ ರಾಶಿ ಬೀಳುತ್ತದೆ, ಸಮಯ ಹಿಡಿಯುತ್ತದೆ. ಆದರೆ ಎರಡು ವಿಷಯದಲ್ಲಿ ಇದು ಮಲೇಷ್ಯಾದ್ದಕ್ಕಿಂತ ಮೇಲು. ಆಯೋಗ ಯಾವ ಸಚಿವರ ಅಧೀನವೂ ಅಲ್ಲ, ಅದರ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಅಡ್ಡಿಯೂ ಇಲ್ಲ. ಜಗಳ ಮುಗಿಯುವ ಮೊದಲು ಚುನಾವಣೆ ಬಂದರೆ ಚಿಹ್ನೆ ತಡೆಹಿಡಿದು ಇಬ್ಬರಿಗೂ ತಾತ್ಕಾಲಿಕ ಹೆಸರು, ಚಿಹ್ನೆ ಕೊಡುತ್ತದೆ. 2021ರ ಅಕ್ಟೋಬರ್‌ನಲ್ಲಿ ಲೋಕ ಜನಶಕ್ತಿ ಪಕ್ಷದ 'ಬಂಗಲೆ' ತಡೆಹಿಡಿದಾಗ ಚಿರಾಗ್ ಪಾಸ್ವಾನ್ ಬಣಕ್ಕೆ ಹೆಲಿಕಾಪ್ಟರ್, ಪಶುಪತಿ ಪಾರಸ್ ಬಣಕ್ಕೆ ಹೊಲಿಗೆ ಯಂತ್ರ ಸಿಕ್ಕಿತು. ಯಾರೂ ಬರಿಗೈಯಲ್ಲಿ ಉಳಿಯಲಿಲ್ಲ.

ಶ್ರೀಲಂಕಾದಲ್ಲಿ ತಮಿಳರ ಪಕ್ಷ ಇಳಂಗೈ ತಮಿಳ್ ಅರಸು ಕಚ್ಚಿಯ ಜಗಳ ಸಾದಾ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. 2024ರ ಜನವರಿ 21ರಂದು ತ್ರಿಕೋಣಮಲೆಯಲ್ಲಿ ನಡೆದ ಅಧ್ಯಕ್ಷ ಚುನಾವಣೆಯಲ್ಲಿ ಎಸ್. ಶ್ರೀಧರನ್ 184, ಎಂ.ಎ. ಸುಮಂತಿರನ್ 137 ಮತ ಪಡೆದರು. ಫಲಿತಾಂಶ ಸ್ಪಷ್ಟ. ಆದರೆ ಅಧಿಕಾರ ಸ್ವೀಕಾರ ಆಗಬೇಕಿದ್ದ ಮಹಾಸಭೆಗೆ ಫೆಬ್ರವರಿಯಲ್ಲಿ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಗೆದ್ದವರು ಕುರ್ಚಿಯಲ್ಲಿ ಕೂರಲಾಗಲಿಲ್ಲ. ಆ ನವೆಂಬರ್‌ನ ಸಂಸತ್ ಚುನಾವಣೆಯಲ್ಲಿ ಜಾಫ್ನಾ ಜಿಲ್ಲೆಯ 6 ಸ್ಥಾನಗಳಲ್ಲಿ 3 ಕೊಲಂಬೊ ಕೇಂದ್ರಿತ ಎನ್‌ಪಿಪಿ ಪಾಲಾದವು. ಅರಸು ಕಚ್ಚಿಗೆ ಸಿಕ್ಕಿದ್ದು ಒಂದು, ಸುಮಂತಿರನ್ ಸ್ವತಃ ಸೋತರು. ತಡೆಯಾಜ್ಞೆ ಅಗ್ಗ, ಬೇಗ ಸಿಗುತ್ತದೆ, ತೆರವಾಗುವುದು ಮಾತ್ರ ಯಾವಾಗಲೋ. ಮಲೇಷ್ಯಾದ 18ಸಿಗೆ ಏನಾದರೂ ಸಮರ್ಥನೆ ಇದ್ದರೆ ಅದು ಇಷ್ಟೇ.

ಈ ಸೇವೆಯನ್ನು ಬಳಸಲೇಬೇಕಾದವರಿಗೆ

ದೂರು ಚುನಾವಣೆ ಮುಗಿದ ಮೇಲಲ್ಲ, ಪ್ರತಿನಿಧಿಗಳ ಪಟ್ಟಿ ಹೊರಬಿದ್ದ ದಿನವೇ ಹೋಗಬೇಕು. ಪಟ್ಟಿ ತಪ್ಪು ಎಂಬ ತಕರಾರು ಮೊದಲೇ ಬರಹದಲ್ಲಿದ್ದರೆ, ಸೋತ ಮೇಲೆ ಕಥೆ ಕಟ್ಟಿದರು ಎಂದು ಎದುರು ಬಣ ಹೇಳಲು ಬರುವುದಿಲ್ಲ. ಪತ್ರವನ್ನು ಮಲಯ ಭಾಷೆಯಲ್ಲೇ ಬರೆಯಿರಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳಿ.

ನೋಟಿಸ್ ಕಳಿಸಿದ್ದಕ್ಕೆ ಪುರಾವೆ ಶಾಖೆಗೊಂದರಂತೆ ಬೇಕು. ಒಟ್ಟಿಗೆ 'ಎಲ್ಲರಿಗೂ ತಿಳಿಸಲಾಗಿದೆ' ಎಂಬ ಒಂದು ಸಾಲು ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ. ಮತ ಎಣಿಕೆಯನ್ನು ಮೊದಲು ಕೈಬರಹದ ಹಾಳೆಯಲ್ಲಿ ಬರೆದು, ಎಲ್ಲ ಅಭ್ಯರ್ಥಿಗಳ ಏಜೆಂಟರಿಂದ ಸಹಿ ಹಾಕಿಸಿ, ಆಮೇಲೆ ಕಂಪ್ಯೂಟರಿಗೆ ತುಂಬಿ. ತುಂಬಿದ ಮೇಲೆ ಒಬ್ಬರು ಓದಿ ಇನ್ನೊಬ್ಬರು ಹಾಳೆಯೊಂದಿಗೆ ತಾಳೆ ನೋಡಿ. ಹಾಲ್‌ನಲ್ಲಿ ಫಲಿತಾಂಶ ಓದುವುದು ಅದಾದ ಮೇಲೆಯೇ. ಅರ್ಧ ಗಂಟೆ ತಡವಾದರೆ ಆಗಲಿ.

ಕೋರ್ಟಿಗೆ ಹೋಗುವ ಮೊದಲು ಬೈಲಾದಲ್ಲಿ ಎಂಐಸಿಯ 91ನೇ ವಿಧಿಯಂಥದ್ದು ಇದೆಯೇ ನೋಡಿ. ಇದ್ದರೆ ಪಕ್ಷದೊಳಗಿನ ಮೇಲ್ಮನವಿ ಮೊದಲು ಸಲ್ಲಿಸಿ, ಅದು ತಿರಸ್ಕಾರವಾದ ಪತ್ರ ಕೈಗೆ ಬರಲಿ. ಉತ್ತರವೇ ಬರದಿದ್ದರೆ ನೆನಪೋಲೆಗಳ ಪ್ರತಿ ಇರಲಿ. ಸಚಿವರಿಗೆ ಹೋಗಬೇಕಾದ ಮೇಲ್ಮನವಿಯ 30 ದಿನದ ಗಡುವು ಇಲಾಖೆಯ ತೀರ್ಮಾನದಿಂದಲೇ ಶುರುವಾಗುತ್ತದೆ. ಸಂಧಾನ ನಡೆಯುತ್ತಿದೆ ಎಂದು ಕಾಯುತ್ತ ಕೂತರೆ ಆ ಗಡುವು ಕಳೆದುಹೋಗುತ್ತದೆ. ಎರಡನ್ನೂ ಒಟ್ಟಿಗೆ ನಡೆಸಿ. ಸೆಕ್ಷನ್ 16ರ ನೋಟಿಸ್ ಬಂದರೆ ಮಾತ್ರ ಅದೇ ವಾರ ಎದುರು ಬಣದವರನ್ನು ಕರೆದು, ಚುನಾವಣಾಧಿಕಾರಿ ಯಾರು, ಪಟ್ಟಿ ಯಾವ ದಿನಾಂಕದ್ದು, ಮತದಾನ ಎಂದು, ಈ ಮೂರಕ್ಕಾದರೂ ಜಂಟಿ ಸಹಿ ಹಾಕಿ ಇಲಾಖೆಗೆ ಕೊಡಿ. ಅಧ್ಯಕ್ಷರು ಯಾರೆಂಬುದನ್ನು ಆ ಪತ್ರದಲ್ಲಿ ಬರೆಯುವ ಅಗತ್ಯವಿಲ್ಲ.